ಕುಗ್ಗಿದ ಚಿತ್ರ, ಕಳೆದ ಅಕ್ಷರ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಗಲ್ಲು ಶಾಸನವು 'ದೇವಾನಂಪಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳಿ, ಆತನಾರೆಂಬ ಸಂದೇಹವನ್ನು ನೀಗಿಸಿತು. ಅಂದಿನ ವಿದ್ವಾಂಸರಿಗೆ ಪಡಿಯಚ್ಚು ಆಧಾರವಾಗಿತ್ತು. ಇಂದು ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಶಾಸನಗಳನ್ನು ಅರಸಿ ಹೋಗುವ ವಿದ್ಯಾರ್ಥಿಯ ಕೈಯಲ್ಲಿರುವುದು ಮೊಬೈಲ್.

4000×3000 ಪಿಕ್ಸೆಲ್‌ಗಳ ಛಾಯಾಚಿತ್ರವನ್ನು 800×600ಕ್ಕೆ ಇಳಿಸಿದರೆ, 25 ಪಿಕ್ಸೆಲ್‌ಗಳಿದ್ದ ಜಾಗದಲ್ಲಿ ಒಂದು ಉಳಿಯುತ್ತದೆ. ಬ್ರಾಹ್ಮಿಯಲ್ಲಿ ಅನುಸ್ವಾರವೆಂದರೆ ಒಂದು ಚುಕ್ಕೆ. ಅದು ಅಕ್ಷರದ ಅಂಗವೋ ಕಲ್ಲಿನ ಕುಳಿಯೋ ಎಂದು ನಿರ್ಣಯಿಸುವ ಆಧಾರವೇ ಹೀಗೆ ಅಳಿಯಬಹುದು. ಚಿತ್ರವನ್ನು ಮತ್ತೆ ಹಿಗ್ಗಿಸಿದರೂ ಅದು ಮರಳದು. ತಂತ್ರಾಂಶವು ಸುತ್ತಲಿನ ಬಣ್ಣಗಳಿಂದ ಅಂದಾಜಿಸಿ ತುಂಬುತ್ತದೆ, ಅಷ್ಟೆ. ಪೇಂಟ್‌ನಂತಹ ಸರಳ ತಂತ್ರಾಂಶದಲ್ಲಿ ಅಗಲ-ಎತ್ತರಗಳ ಅನುಪಾತವನ್ನು ಕಾಯುವ ಗುರುತನ್ನು ತೆಗೆದು ಅಗಲವನ್ನಷ್ಟೇ ಬದಲಿಸಿದರೆ, ಅಕ್ಷರದ ಆಕಾರವೇ ಕೆಡುತ್ತದೆ. ಲಿಪಿಯಿಂದ ಕಾಲವನ್ನು ನಿರ್ಣಯಿಸುವವರು ದಾರಿ ತಪ್ಪುತ್ತಾರೆ.

ಪುಟಕ್ಕೆ ಹೊಂದಿಸಲು ಚಿತ್ರವನ್ನು ಕುಗ್ಗಿಸುವುದು ತಪ್ಪಲ್ಲ. ಮೂಲವನ್ನೇ ಕುಗ್ಗಿಸಿ ಉಳಿಸುವುದು ತಪ್ಪು. ಕುಗ್ಗಿಸಿದ ಪ್ರತಿಗೆ ಬೇರೆ ಹೆಸರಿಟ್ಟು, ಮೂಲವನ್ನು ಹಾಗೆಯೇ ಕಾಯ್ದಿಡಬೇಕು. ಪಾಠವನ್ನು ಮೂಲದಿಂದಲೇ ಓದಬೇಕು. ಲಿಪಿಕಾರನ ಸ್ಖಾಲಿತ್ಯಗಳನ್ನು ಎಣಿಸುವ ಸಂಶೋಧಕನು ತಾನೇ ಹೊಸದೊಂದು ಸ್ಖಾಲಿತ್ಯಕ್ಕೆ ಕಾರಣನಾಗಬಾರದು.