ಕೆರೆ ಏರಿ ಕ್ಲೀನ್ ಮಾಡಿದೋರಿಗೆ ಸರ್ಟಿಫಿಕೇಟು, ಸಿಕ್ಸ್ ಹೊಡೆದೋರಿಗೆ ಟ್ರೋಫಿ: ಎರಡನ್ನೂ ಸೇರಿಸಿದ್ರೆ ಹೇಗೆ?

ತಿಪಟೂರು: ಟೂರ್ನಮೆಂಟ್ ಸೀಸನ್ ಬಂತೆಂದರೆ ಬಿ.ಎಚ್. ರಸ್ತೆಯ ಅಂಗಡಿಯವರಿಗೆ ರಸೀದಿ ಪುಸ್ತಕದ ಕಾಟ ಶುರು. ಒಂದೂರಿನ ಕ್ರಿಕೆಟ್ ತಂಡ ಮೆಟ್ಟಿಲು ಇಳಿಯುವಷ್ಟರಲ್ಲಿ ಇನ್ನೊಂದೂರಿನ ಕಬಡ್ಡಿ ತಂಡ ಬಾಗಿಲಲ್ಲಿ ನಿಂತಿರುತ್ತೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಪೇಟೆಯಲ್ಲೂ ಇದೇ ಕಥೆ. ಕೊಡದಿದ್ರೆ ಹುಡುಗರ ಮುನಿಸು. ಕೊಟ್ರೆ ಫ್ಲೆಕ್ಸ್‌ನ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಂಗಡಿ ಹೆಸರು. ನಡುವೆ ದೊಡ್ಡದಾಗಿ ಇರೋದು ಟ್ರೋಫಿ ಕೊಡಿಸಿದ ಮುಖಂಡರ ಫೋಟೋ.

ಜಾತ್ರೆಯಲ್ಲಿ ಜನರನ್ನು ಸಂಭಾಳಿಸೋದು, ದಾಸೋಹದಲ್ಲಿ ಬಡಿಸೋದು, ಯಾರಿಗಾದರೂ ರಕ್ತ ಬೇಕೆಂದರೆ ರಾತ್ರಿ ಹೊತ್ತಲ್ಲೂ ಬೈಕ್ ಹತ್ತೋದು ಕೂಡ ಇದೇ ಹುಡುಗರೇ. ಆ ಕೆಲಸಕ್ಕೆ ಚಂದಾನೂ ಇಲ್ಲ, ಟ್ರೋಫಿನೂ ಇಲ್ಲ. ಆಟಕ್ಕೆ ದುಡ್ಡು, ಸೇವೆಗೆ ಬರೀ ಚಪ್ಪಾಳೆ. ಇವೆರಡೂ ಒಂದೇ ಊರಲ್ಲಿದ್ದೂ ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಯುತ್ತಿರೋದೇ ಯೋಚಿಸಬೇಕಾದ ವಿಷಯ.

ಸರ್ಕಾರದಲ್ಲಿ ಏನಿದೆ?

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮ ಶತಮಾನೋತ್ಸವದ ವರ್ಷ. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಜೊತೆಗೆ ಹಳ್ಳಿಯಲ್ಲಿ 7 ದಿನದ ವಿಶೇಷ ಶಿಬಿರ. ಕೊನೆಗೆ ಸಿಗೋದು ಸರ್ಟಿಫಿಕೇಟು. ಆದರೆ ಇದು ಓದುತ್ತಿರುವವರಿಗೆ ಮಾತ್ರ. ಡಿಗ್ರಿ ಅರ್ಧಕ್ಕೆ ಬಿಟ್ಟು ಕೊಬ್ಬರಿ ಮಂಡಿಗೋ, ಗ್ಯಾರೇಜಿಗೋ ಸೇರಿದ ಹುಡುಗ ಎಷ್ಟೇ ಕೆಲಸ ಮಾಡಿದರೂ ಆ ಲೆಕ್ಕದೊಳಗೆ ಬರಲ್ಲ.

ಅಂಥವರಿಗಾಗಿ 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು. ಹಳ್ಳಿಯ ಯುವಕ, ಯುವತಿ ಸಂಘಗಳಿಗೆ ಕ್ರೀಡಾ ಸಾಮಗ್ರಿ ಕೊಟ್ಟವು, ಕ್ರೀಡಾಕೂಟ ನಡೆಸಿದವು. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ 15ರಿಂದ 29 ವಯಸ್ಸಿನವರಿಗಾಗಿ 'ಮೈ ಭಾರತ್' ಶುರು ಮಾಡಿತು. ಮೊಬೈಲ್‌ನಲ್ಲೇ ಹೆಸರು ನೋಂದಾಯಿಸಿ ಸೇವಾ ಕೆಲಸಕ್ಕೆ ಸೇರಬಹುದು. ಸೇವೆಯೂ ಇದೆ, ಆಟವೂ ಇದೆ. 'ಊರಿಗೆ ಇಷ್ಟು ದುಡಿದ್ರೆ ನಿಮ್ಮ ತಂಡಕ್ಕೆ ಇಷ್ಟು' ಅನ್ನೋ ನೇರ ಲೆಕ್ಕ ಮಾತ್ರ ಹಳ್ಳಿ ಹುಡುಗರ ಕೈಗೆ ಸಿಕ್ಕಿಲ್ಲ.

ನೈರೋಬಿಯಲ್ಲಿ ಮಾಡಿ ತೋರಿಸಿದ್ದಾರೆ

ಇಂಥ ಲೆಕ್ಕ ಹಾಕಿದ ಜಾಗವೊಂದು ಆಫ್ರಿಕಾದ ಕೀನ್ಯಾದಲ್ಲಿದೆ. ನೈರೋಬಿಯ ಮಥಾರೆ ದೊಡ್ಡ ಕೊಳೆಗೇರಿ. ಅಲ್ಲಿ 1987ರಲ್ಲಿ ಕೆನಡಾ ಮೂಲದ ಬಾಬ್ ಮುನ್ರೊ ಹುಡುಗರ ಫುಟ್‌ಬಾಲ್ ಸಂಘ ಕಟ್ಟಿದರು. ಅಲ್ಲಿ ಪಂದ್ಯ ಗೆದ್ದರಷ್ಟೇ ಅಂಕ ಅಲ್ಲ. ತಂಡದವರು ತಮ್ಮ ಬೀದಿಯ ಕಸ ತೆಗೆದರೆ ಅದಕ್ಕೂ ಲೀಗ್ ಪಟ್ಟಿಯಲ್ಲಿ ಅಂಕ ಸೇರುತ್ತೆ. ಚೆನ್ನಾಗಿ ಆಡಿದರೂ ಕೆಲಸಕ್ಕೆ ಬಾರದ ತಂಡ ಹಿಂದೆ ಬೀಳಬಹುದು. ಚೆನ್ನಾಗಿ ದುಡಿದವರಿಗೆ ಶಾಲಾ ಶುಲ್ಕದ ನೆರವೂ ಸಿಕ್ಕಿದೆ. ಅದೇ ಸಂಘದಿಂದ ಬೆಳೆದ ಮಥಾರೆ ಯುನೈಟೆಡ್ ತಂಡ 2008ರಲ್ಲಿ ಕೀನ್ಯಾ ಪ್ರೀಮಿಯರ್ ಲೀಗನ್ನೇ ಗೆದ್ದಿತು. ಅಂದ್ರೆ ಸೇವೆ ಸೇರಿಸಿದ್ದಕ್ಕೆ ಆಟವೇನೂ ಕೆಡಲಿಲ್ಲ.

ಇಲ್ಲಿ ಕೆಲಸಕ್ಕೇನು ಬರವೇ?

ತೆಂಗಿನ ಸೀಮೆಯಲ್ಲಿ ಕಪ್ಪುತಲೆ ಹುಳುವಿನ ಕಾಟ ಎಲ್ಲರಿಗೂ ಗೊತ್ತು. ಗರಿಯ ತಳಭಾಗದ ಹಸಿರನ್ನೆಲ್ಲ ತಿಂದು ಮರ ಬೆಂಕಿ ತಗುಲಿದಂತೆ ಕಾಣುತ್ತೆ. ಹುಳು ಹತ್ತಿದ ಗರಿ ಕಡಿದು ಸುಡೋದು, ಗೋನಿಯೋಜಸ್ ಎಂಬ ಪರೋಪಜೀವಿ ಕೀಟ ಬಿಡೋದು ಇದಕ್ಕೆ ದಾರಿ. ಆದರೆ ಒಬ್ಬರ ತೋಟದಲ್ಲಿ ಮಾಡಿ ಪಕ್ಕದವರು ಸುಮ್ಮನಿದ್ದರೆ ಹುಳು ಮತ್ತೆ ವಾಪಸ್. ಊರಿಗೆ ಊರೇ ಒಂದೇ ಸಲ ಮಾಡಬೇಕು. ಅದಕ್ಕೆ ಬೇಕಿರೋದು ಕೈಗಳು. ತೋಟಗಾರಿಕೆ ಇಲಾಖೆ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಹೇಳಿಕೊಟ್ಟರೆ ಕೀಟ ಹಂಚೋದು, ಬಿಡೋದು, ಯಾವ ತೋಟ ಬಾಕಿ ಅಂತ ಬರೆದಿಡೋದು ಒಂದು ಕ್ರಿಕೆಟ್ ತಂಡಕ್ಕೆ ಭಾರವಲ್ಲ. ಮರ ಹತ್ತೋದು ಮಾತ್ರ ಹತ್ತಿ ಗೊತ್ತಿರೋರೇ ಮಾಡಬೇಕು. ಇದಲ್ಲದೆ ಹೇಮಾವತಿ ನೀರು ಬರೋ ಮುಂಚೆ ಕೆರೆ ಏರಿಯ ಗಿಡಗಂಟಿ, ಸರ್ಕಾರಿ ಶಾಲೆಯ ಆಟದ ಮೈದಾನ, ಪಹಣಿ–ಪಿಂಚಣಿ ಅರ್ಜಿಗೆ ಅಲೆಯೋ ವಯಸ್ಸಾದವರು ಇದ್ದೇ ಇದ್ದಾರೆ.

ಎಡವೋ ಜಾಗಗಳು

ಮೊದಲನೇದು, ಲೆಕ್ಕ. ಪೊರಕೆ ಹಿಡಿದು ಒಂದು ಫೋಟೋ, ಸ್ಟೇಟಸ್‌ಗೆ ಹಾಕಿದರೆ ಸೇವೆ ಮುಗೀತು ಅನ್ನೋ ಅಭ್ಯಾಸ ಈಗಾಗಲೇ ಇದೆ. ಹಾಗಾಗಿ ಗಂಟೆಗೆ ಸಹಿ ಹಾಕೋರು ತಂಡದವರಾಗಬಾರದು. ಶಾಲೆಯ ಮೇಷ್ಟ್ರು, ಗ್ರಂಥಾಲಯದವರು, ಕೆಲಸ ಮಾಡಿಸಿಕೊಂಡ ತೋಟದವರು ಹಾಕಲಿ.

ಎರಡನೇದು, ಹೆಣ್ಣುಮಕ್ಕಳು. ಬಹುಮಾನ ಅಂದ್ರೆ ಬರೀ ಟೆನ್ನಿಸ್ ಬಾಲ್ ಕ್ರಿಕೆಟ್ ಅಂತಾದರೆ ಊರಿನ ಅರ್ಧ ಯುವಜನ ಹೊರಗೇ. ಥ್ರೋಬಾಲ್, ಖೋ ಖೋ, ಕಬಡ್ಡಿಗೂ ಅಷ್ಟೇ ದುಡ್ಡು, ಅಷ್ಟೇ ಹೊತ್ತು ಮೈದಾನ ಸಿಗಬೇಕು.

ಮೂರನೇದು, ಕೆಲಸದ ಆಯ್ಕೆ. ಮ್ಯಾನ್‌ಹೋಲ್, ಮಲದ ಗುಂಡಿಗೆ ಯಾರನ್ನೂ ಇಳಿಸುವಂತಿಲ್ಲ, 2013ರ ಕಾಯ್ದೆ ಇದೆ. 'ಸೇವೆ' ಅಂತ ಹೇಳಿ ಕೊನೆಗೆ ಪೊರಕೆ ಒಂದೇ ಕೇರಿಯ ಹುಡುಗರ ಕೈಗೆ ಬಂದರೆ ಅದು ಸೇವೆಯಲ್ಲ, ಹಳೇ ಚಾಳಿ.

ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಸೀಟಿನ ಮೇಲೆ ಕಣ್ಣಿಟ್ಟವರಿಗೆ ಹುಡುಗರನ್ನು ಜೊತೆಗಿಟ್ಟುಕೊಳ್ಳಲು ಟೂರ್ನಮೆಂಟೇ ಸಲೀಸು. ಒಂದು ಟ್ರೋಫಿ, ಒಂದಿಷ್ಟು ಟೀ ಶರ್ಟ್, ಹುಡುಗರು ನಮ್ಮೋರು. ಅದೇ ಟ್ರೋಫಿಯನ್ನು ತಂಡ ಊರಿಗೆ ದುಡಿದು ಗಳಿಸಿಕೊಂಡರೆ ಯಾರ ಹಂಗೂ ಇರಲ್ಲ. ಇದು ಎಲ್ಲಾ ಮುಖಂಡರಿಗೂ ಹಿಡಿಸುತ್ತೆ ಅನ್ನೋಕಾಗಲ್ಲ.

ಪುಕ್ಕಟೆ ಮಾಡಿದರಷ್ಟೇ ಸೇವೆ, ಪ್ರತಿಫಲ ಕೊಟ್ಟರೆ ಕೂಲಿ ಆಗುತ್ತೆ ಅನ್ನೋರೂ ಇದ್ದಾರೆ. ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಇಲ್ಲಿ ಕೈಗೆ ಕಾಸು ಕೊಡ್ತಿಲ್ಲ. ವಾಲಿಬಾಲ್ ನೆಟ್ಟು, ಮೈದಾನಕ್ಕೆ ಒಂದು ಲೈಟು, ಎಂಟ್ರಿ ಫೀ ಇಲ್ಲದ ಒಂದು ಪಂದ್ಯಾವಳಿ. ಇವೂ ಊರಲ್ಲೇ ಉಳಿಯೋವು.

ಇದಕ್ಕೆ ಸರ್ಕಾರಿ ಆದೇಶಕ್ಕೆ ಕಾಯಬೇಕಿಲ್ಲ. ದುಡ್ಡು ಹೇಗಿದ್ರೂ ಅಂಗಡಿ ಗಲ್ಲಾದಿಂದ ಹೋಗ್ತಿದೆ. ವರ್ತಕರು ಒಟ್ಟಾಗಿ ಒಂದೇ ಮಾತು ಆಡಿದರೆ ಸಾಕು: ರಸೀದಿ ಪುಸ್ತಕದ ಜೊತೆ ಊರಿಗೆ ಮಾಡಿದ ಕೆಲಸದ ಪುಸ್ತಕವನ್ನೂ ತನ್ನಿ. ಮೊದಲ ವರ್ಷ ಹತ್ತರಲ್ಲಿ ಎರಡು ತಂಡ ತಂದರೂ, ಎರಡೂರಿನ ಕೆರೆ ಏರಿ ಕ್ಲೀನ್ ಆಗಿರುತ್ತೆ.