ಸೆಪ್ಟೆಂಬರ್ 17ರ ಹೆಸರು

1948ರಲ್ಲಿ ಹೈದರಾಬಾದ್ ಸಂಸ್ಥಾನದ ನಿಜಾಮರು ಭಾರತೀಯ ಸೇನೆಯೆದುರು ಯುದ್ಧವಿರಾಮ ಘೋಷಿಸಿದ ಸೆಪ್ಟೆಂಬರ್ 17ರ ದಿನವನ್ನು ಕೇಂದ್ರ ಸರ್ಕಾರವು ವಿಮೋಚನಾ ದಿನವೆಂದೂ, ತೆಲಂಗಾಣ ಸರ್ಕಾರವು ಪ್ರಜಾಪಾಲನಾ ದಿನವೆಂದೂ, ನೆರೆಯ ಕರ್ನಾಟಕವು ಕಲ್ಯಾಣ ಕರ್ನಾಟಕ ಉತ್ಸವವೆಂದೂ ಕರೆಯುತ್ತಿರಲು, ತೆಲಂಗಾಣದ ಗಡಿಭಾಗದ ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳ ಕನ್ನಡಿಗರ ಪಾಲಿಗೆ ಹೆಸರಿನ ವಿವಾದವು ಉಳಿದು, ನಡೆದ ಸಂಗತಿಯ ಅರಿವು ಕ್ಷೀಣಿಸುತ್ತಿದೆ.

ಆ ಸಂಸ್ಥಾನದಲ್ಲಿ ಕಾಸಿಂ ರಜ್ವಿಯ ಸಶಸ್ತ್ರ ಖಾಸಗಿ ಪಡೆಯಾದ ರಜಾಕಾರರು ಹಾವಳಿಯೆಬ್ಬಿಸಿದ್ದರು; ಅಂಥ ಪಡೆಗೆ ರಾಜ್ಯಶಕ್ತಿಯು ಮಣಿದಲ್ಲಿ ಭಿನ್ನಮತೀಯರ ಪ್ರಾಣಕ್ಕೆ ರಕ್ಷಣೆಯಿಲ್ಲವೆಂಬುದು ಅಲ್ಲಿ ಕಂಡ ಸತ್ಯ. 1948ರ ಆಗಸ್ಟ್‌ನಲ್ಲಿ ರಜಾಕಾರರಿಂದ ಹತರಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್, ಭಾರತದೊಡನೆ ವಿಲೀನವನ್ನು ಬಯಸಿ ಬರೆದ ಮುಸಲ್ಮಾನರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ, ಪೊಲೀಸ್ ಕಾರ್ಯಾಚರಣೆಯೆಂದು ಕರೆಯಲಾದ ಸೇನಾ ಕ್ರಮದ ತರುವಾಯ ನಿರಪರಾಧಿ ಮುಸಲ್ಮಾನರು ಹತರಾದುದನ್ನು ಕೇಂದ್ರ ಸರ್ಕಾರವು ಕಳುಹಿಸಿದ ಸುಂದರಲಾಲ್ ಸಮಿತಿಯು ಅದಕ್ಕೆ ವರದಿಮಾಡಿತು. ಈ ದಿನವನ್ನು ಮತದ್ವೇಷಕ್ಕೆ ಸಾಧನವಾಗಿಸುವವರು ಇವೆರಡನ್ನೂ ಮರೆಮಾಚುತ್ತಾರೆ, ಅದು ಅಕ್ಷಮ್ಯ. ಸರ್ಕಾರಗಳು ಯಾವ ಹೆಸರನ್ನಾದರೂ ಇಡಲಿ, ಗಡಿಭಾಗದ ಮಕ್ಕಳ ಪಠ್ಯದಲ್ಲಿ ರಜಾಕಾರರ ಕ್ರೌರ್ಯವೂ ತದನಂತರದ ಹತ್ಯೆಗಳೂ ಕನ್ನಡದಲ್ಲಿಯೇ, ಯಾವುದನ್ನೂ ಮುಚ್ಚಿಡದೆ, ಸೇರತಕ್ಕದ್ದೆಂದು ನಾವು ಆಗ್ರಹಿಸುತ್ತೇವೆ.