ಕಂಪ್ಯೂಟರ್ ಸಂಗೀತದಲ್ಲಿ ಸ್ವರಗುಚ್ಛಗಳ ನಡೆ: ಒಂದು ಅನಿಸಿಕೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ನೆನಪಿಗಾಗಿ ಹಳೆ ವಿದ್ಯಾರ್ಥಿ ಸಂಘದವರು ಶಾಲೆಗೆ ಕಂಪ್ಯೂಟರ್ ಸಂಗೀತದ ಕೊಠಡಿಯೊಂದನ್ನು ಕೊಡುಗೆಯಾಗಿ ನೀಡಲು ಸಂಕಲ್ಪಿಸಿರುವುದು ಅತ್ಯಂತ ಸಂತೋಷದ ವಿಷಯ. ಕಂಪ್ಯೂಟರ್, ಕೀಬೋರ್ಡ್, ಮೈಕ್, ಧ್ವನಿವರ್ಧಕ ಇತ್ಯಾದಿಗಳ ಪಟ್ಟಿಯನ್ನು ಸಮಿತಿಯವರು ನನಗೂ ತೋರಿಸಿದರು. ಆ ಪಟ್ಟಿಯಲ್ಲಿ ಹಾರ್ಮೋನಿಯಂ ಇಲ್ಲ. ಸಂಗೀತ ಶಿಕ್ಷಕರ ಗೌರವಧನಕ್ಕೆಂದು ಒಂದು ಸಾಲೂ ಇಲ್ಲ. ಕಂಪ್ಯೂಟರ್ ಬಂದ ಮೇಲೆ ಶಿಕ್ಷಕರೇಕೆ, ಗುಂಡಿ ಒತ್ತಿದರೆ ಸ್ವರಗಳು ತಾವಾಗಿ ಜೋಡಿಕೊಳ್ಳುತ್ತವೆ ಎಂದು ಒಬ್ಬ ಹಳೆ ವಿದ್ಯಾರ್ಥಿ ಮಿತ್ರರು ಹೇಳಿದರು. ಆ ಮಾತನ್ನು ಒಪ್ಪಲು ನನ್ನಿಂದಾಗದು. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನಿವೇದಿಸಿಕೊಳ್ಳುತ್ತೇನೆ.

ನಾನು ಸಂಗೀತ ವಿದ್ವಾಂಸನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಅಧ್ಯಾಪಕ ತರಬೇತಿ ಪಡೆದವನು. ಊರಿನ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಬಾರಿಸುತ್ತ ಬಂದುದಷ್ಟೇ ನನ್ನ ಬಂಡವಾಳ. ನಿವೃತ್ತಿಯ ನಂತರ ಮೊಮ್ಮಗಳ ಕಂಪ್ಯೂಟರಿನ ಪಕ್ಕದಲ್ಲಿ ಕುಳಿತು, ಈಗಿನ ಮಕ್ಕಳು ಸಂಗೀತವನ್ನು ಹೇಗೆ ಕಟ್ಟುತ್ತಾರೆ ಎಂಬುದನ್ನು ನೋಡಿ ಕಲಿತೆ. ಪರದೆಯ ಮೇಲೆ ಚೌಕುಳಿ ಕಾಗದದಂತೆ ಗೆರೆಗಳಿರುತ್ತವೆ. ಎಡಬದಿಯಲ್ಲಿ ಹಾರ್ಮೋನಿಯಂ ಮನೆಗಳನ್ನು ನಿಲ್ಲಿಸಿದ ಚಿತ್ರ. ಸ್ವರವೆಂದರೆ ಒಂದು ಪಟ್ಟಿ. ಅದನ್ನು ಮೇಲೆ ಕೆಳಗೆ ಸರಿಸಬಹುದು, ಉದ್ದ ಗಿಡ್ಡ ಮಾಡಬಹುದು. ಒಂದು ಮುದ್ರೆಯನ್ನು ಒತ್ತಿದರೆ ಮೂರು ಪಟ್ಟಿಗಳು ಒಟ್ಟಿಗೆ ಬೀಳುತ್ತವೆ. ಇದಕ್ಕೇ ಅವರು 'ಕಾರ್ಡ್' ಎನ್ನುವುದು. ಗಡಿನಾಡಿನ ನಮಗೆ ಕಾರ್ಡೆಂದರೆ ಮೊದಲು ನೆನಪಾಗುವುದು ರೇಷನ್ ಕಾರ್ಡೇ ಆದುದರಿಂದ ಈ ಲೇಖನದಲ್ಲಿ 'ಸ್ವರಗುಚ್ಛ' ಎಂದೇ ಬರೆಯುತ್ತೇನೆ.

ಸ್ವರಗುಚ್ಛವು ಪರದೇಶದ್ದು, ನಮ್ಮ ಮಕ್ಕಳಿಗೆ ಬೇಡ ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ವಾದವನ್ನೂ ನಾನು ಒಪ್ಪಲಾರೆ. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಅದು ಪ್ರತಿಯೊಂದು ಭಜನಾ ಮಂದಿರದಲ್ಲಿಯೂ ಮನೆಮಾಡಿತ್ತು. ಇನ್ನೊಂದು ಮಾತು. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಯಾರೂ ನುಡಿಸದ ಅಂತರ ಗಾಂಧಾರವು ತಾನಾಗಿ ಕೇಳಿಸುತ್ತದೆ. ಸ, ಪ, ಗ ಈ ಮೂರೂ ಒಂದೇ ತಂತಿಯೊಳಗೆ ಅಡಗಿವೆ. ಸ-ಗ-ಪ ಎಂಬ ಮೊದಲ ಸ್ವರಗುಚ್ಛ ನಮ್ಮ ಕಿವಿಗೆ ಅಪರಿಚಿತವೇನಲ್ಲ. ಪಾಶ್ಚಾತ್ಯರು ಅದನ್ನು ಶಾಸ್ತ್ರವಾಗಿ ಬೆಳೆಸಿದರು. ಫ್ರಾನ್ಸಿನ ರಾಮೋ ಎಂಬ ಸಂಗೀತಜ್ಞನು ಇದನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದು 1722ರಲ್ಲಿ. ಕಂಪ್ಯೂಟರ್ ಕಲಿಸುತ್ತದೆಂದು ನಾವು ಭಾವಿಸಿರುವ ವಿದ್ಯೆಗೆ ಮುನ್ನೂರು ವರ್ಷಗಳ ಪಾಠಕ್ರಮವಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂದು ಮಕ್ಕಳು ಮಾಡುವ ಸಂಗೀತದಲ್ಲಿ ಹೆಚ್ಚಾಗಿ ಕೇಳಿಬರುವುದು ನಾಲ್ಕು ಗುಚ್ಛಗಳ ಒಂದು ಸುತ್ತು. ಶಂಕರಾಭರಣದ ಸ್ವರಗಳಲ್ಲಿ ಹೇಳುವುದಾದರೆ ಸ-ಗ-ಪ, ಪ-ನಿ-ರಿ, ದ-ಸ-ಗ, ಮ-ದ-ಸ. ಪುನಃ ಮೊದಲಿನಿಂದ. ಈ ಸುತ್ತಿನಲ್ಲಿ ದೋಷವೇನೂ ಇಲ್ಲ. ಪ್ರಪಂಚದ ಎಷ್ಟೋ ಜನಪ್ರಿಯ ಹಾಡುಗಳು ಇದರ ಮೇಲೆಯೇ ನಿಂತಿವೆ. ತೊಂದರೆ ಇರುವುದು ಮುದ್ರೆ ಒತ್ತುವ ಕ್ರಮದಲ್ಲಿ. ಯಂತ್ರವು ಪ್ರತಿಯೊಂದು ಗುಚ್ಛವನ್ನೂ ಅದರ ಮೂಲ ಸ್ವರದಿಂದಲೇ ಆರಂಭಿಸಿ ಒಂದೇ ಅಚ್ಚಿನಲ್ಲಿ ಇಡುತ್ತದೆ. ಮೂರು ಸ್ವರಗಳೂ ಡ್ರಿಲ್ ತರಗತಿಯ ಮಕ್ಕಳಂತೆ ಒಟ್ಟಿಗೆ ಮೇಲಕ್ಕೆ ಹಾರಿ ಒಟ್ಟಿಗೆ ಕೆಳಕ್ಕೆ ಬೀಳುತ್ತವೆ. ಮೊಮ್ಮಗಳು ಹೀಗೆ ಮಾಡಿದ್ದನ್ನು ಕೇಳಿಸಿ, "ಅಜ್ಜ, ಎಲ್ಲಾ ಸರಿ ಉಂಟು, ಆದ್ರೂ ಯಾಕೋ ಸಪ್ಪೆ ಕೇಳ್ತದೆ" ಎಂದಳು. ಗುಚ್ಛಕ್ಕೆ ಇನ್ನೂ ನಾಲ್ಕು ಸ್ವರ ಸೇರಿಸಿದರೆ ಸಂಪನ್ನವಾದೀತೆಂಬುದು ಅವಳ ಊಹೆ. ಸೇರಿಸಿದಳು, ಗದ್ದಲ ಹೆಚ್ಚಾಯಿತು.

ಸ್ವರಗಳ ಸಂಖ್ಯೆಗಿಂತ ಅವುಗಳ ನಡಿಗೆಯಲ್ಲಿಯೇ ಸೊಗಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದೇ ನಾಲ್ಕು ಗುಚ್ಛಗಳನ್ನು ಹೀಗೆ ಇಟ್ಟು ನೋಡಬೇಕು. ಮೊದಲು ಸ-ಗ-ಪ. ಎರಡನೆಯದಕ್ಕೆ ಪಂಚಮವು ನಿಂತಲ್ಲಿಯೇ ನಿಲ್ಲಲಿ. ಷಡ್ಜವು ಒಂದು ಮೆಟ್ಟಿಲು ಇಳಿದು ನಿಷಾದವಾಗಲಿ, ಗಾಂಧಾರವು ಇಳಿದು ರಿಷಭವಾಗಲಿ. ನಿ-ರಿ-ಪ ಎಂದಾಯಿತು. ಮೂರನೆಯದಕ್ಕೆ ಮೂರೂ ಒಂದೊಂದು ಮೆಟ್ಟಿಲು ಏರಿ ಸ-ಗ-ದ ಆಗಲಿ. ನಾಲ್ಕನೆಯದಕ್ಕೆ ಸ ಮತ್ತು ದ ಹಾಗೆಯೇ ಇದ್ದು, ಗ ಮಾತ್ರ ಮ ಆಗಲಿ. ಮೊದಲಿಗೆ ಮರಳುವಾಗ ಸ ಕದಲುವುದಿಲ್ಲ. ಮ ಇಳಿದು ಗ, ದ ಇಳಿದು ಪ. ಗುಚ್ಛಗಳು ಅವೇ ನಾಲ್ಕು. ಆದರೆ ಈಗ ಮೂರು ಜನ ಅಕ್ಕಪಕ್ಕದಲ್ಲಿ ಕುಳಿತು ಹಾಡುತ್ತಿರುವಂತೆ ಕೇಳಿಸುತ್ತದೆ. ಮೂಲ ಸ್ವರವನ್ನು ಮಂದ್ರದಲ್ಲಿ ಬೇರೆಯೇ ವಾದ್ಯಕ್ಕೆ ವಹಿಸಿಕೊಟ್ಟರೆ ಸಾಕು. ಆ ಮಂದ್ರವೂ ಪ್ರತಿ ಸಲ ಮೂಲ ಸ್ವರಕ್ಕೇ ಹಾರಬೇಕೆಂದಿಲ್ಲ. ಎರಡನೆಯ ಗುಚ್ಛದಡಿಯಲ್ಲಿ ಪ ಬದಲು ನಿ ಇಟ್ಟರೆ ಸ, ನಿ, ದ ಎಂದು ಮಂದ್ರವೇ ಒಂದು ಸಣ್ಣ ಅವರೋಹಣವನ್ನು ಹಾಡುತ್ತದೆ.

ಇದಕ್ಕೆ ಯಂತ್ರ ಬೇಡವೆಂಬುದನ್ನು ಗಮನಿಸಬೇಕು. ಮಕ್ಕಳನ್ನು ಮೂರು ಸಾಲು ಮಾಡಿ, ಒಂದು ಸಾಲಿಗೆ ಸ, ಇನ್ನೊಂದಕ್ಕೆ ಗ, ಮತ್ತೊಂದಕ್ಕೆ ಪ ಕೊಡಿ. ಮೊದಲ ಸಾಲು ಸ ಹಿಡಿದಿರಲಿ. ಎರಡನೆಯದು ಮ ಕ್ಕೂ ಮೂರನೆಯದು ದ ಕ್ಕೂ ಏರಲಿ. ಗುಚ್ಛ ಬದಲಾದುದನ್ನು ಮಗುವಿನ ಗಂಟಲೇ ಅರಿಯುತ್ತದೆ. ಗಂಟಲಿಗೆ ಸುಲಭವಾದ ನಡೆಯೇ ಕಂಪ್ಯೂಟರಿನಲ್ಲಿಯೂ ಇಂಪು. ಗಂಟಲಿಗೆ ಕಷ್ಟವಾದ ನೆಗೆತ ಅಲ್ಲಿಯೂ ಒರಟು. ಸರಳೆ ವರಸೆ ಹಾಡಿ ಬಂದ ಮಗುವಿಗೆ ಈ ವಿದ್ಯೆ ಅರ್ಧ ಬಂದಂತೆಯೇ. ನಾನು ಶಿಕ್ಷಕರೊಬ್ಬರು ಬೇಕೆಂದು ಹಟ ಹಿಡಿಯುವುದು ಇದಕ್ಕಾಗಿಯೇ.

ಒಂದೇ ಅಚ್ಚಿನ ಗುಚ್ಛವನ್ನು ಇಡಿಯಾಗಿ ಮೇಲೆ ಕೆಳಗೆ ಸರಿಸುವುದನ್ನೇ ಶೈಲಿಯಾಗಿಸಿಕೊಂಡವರೂ ಇದ್ದಾರೆ. ಅಮೆರಿಕದ ಶಿಕಾಗೋ, ಡೆಟ್ರಾಯ್ಟ್ ನಗರಗಳಲ್ಲಿ 1980ರ ದಶಕದಲ್ಲಿ ಬೆಳೆದ ನೃತ್ಯಸಂಗೀತದಲ್ಲಿ ಇದು ಸಾಮಾನ್ಯ. 1981ರ ಕಾರ್ಗ್ ಪಾಲಿಸಿಕ್ಸ್ ಎಂಬ ಸಿಂಥಸೈಜರಿನಲ್ಲಿ ಒಂದು ಗುಚ್ಛವನ್ನು ನೆನಪಿನಲ್ಲಿಟ್ಟು ಒಂದೇ ಬೆರಳಿನಿಂದ ನುಡಿಸುವ ಸೌಕರ್ಯವೂ ಇತ್ತು. ಕುಣಿತಕ್ಕೆ ಅದು ಒಪ್ಪುತ್ತದೆ. ಕವಿತೆಗೆ ಒಪ್ಪುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಇನ್ನು ಎಲೆಕ್ಟ್ರಾನಿಕ್ ಸಂಗೀತಕ್ಕೆ ಗುಚ್ಛಗಳು ಅನಿವಾರ್ಯವೆಂದೂ ತಿಳಿಯಬೇಕಾಗಿಲ್ಲ. ಮುಂಬಯಿಯ ಚರಣಜಿತ್ ಸಿಂಗ್ ಅವರು 1982ರಲ್ಲಿ ಮೂರು ರೋಲ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳದಲ್ಲಿ ಧ್ವನಿಮುದ್ರಿಸಿದರು. ಅಲ್ಲಿ ರಾಗದ ಎಳೆಯೇ ಪ್ರಧಾನ. ಆಗ ಯಾರೂ ಹೆಚ್ಚು ಗಮನಿಸದ ಆ ಧ್ವನಿಮುದ್ರಿಕೆಯನ್ನು ಹಲವು ವರ್ಷಗಳ ನಂತರ ಪರದೇಶದವರು ಹುಡುಕಿ 2010ರಲ್ಲಿ ಮರುಮುದ್ರಿಸಿದರು.

ಮಹೋತ್ಸವಕ್ಕಾಗಿ ನಮ್ಮ ಶಾಲಾ ಪ್ರಾರ್ಥನೆಯನ್ನು ಹಳೆ ವಿದ್ಯಾರ್ಥಿಯೊಬ್ಬರು ಕಂಪ್ಯೂಟರಿನಲ್ಲಿ ಹೊಸದಾಗಿ ಸಂಯೋಜಿಸಿರುವುದನ್ನು ತಾವೆಲ್ಲರೂ ಕೇಳಿರುತ್ತೀರಿ. ಅವರ ಶ್ರಮವನ್ನೂ ಶಾಲೆಯ ಮೇಲಿನ ಪ್ರೀತಿಯನ್ನೂ ಮನಸಾರೆ ಮೆಚ್ಚುತ್ತೇನೆ. ಆದರೆ ಒಂದು ಸೂಕ್ಷ್ಮವನ್ನು ಹೇಳದಿರಲಾರೆ. ನಮ್ಮ ಪ್ರಾರ್ಥನೆಯ ಧಾಟಿ ಮೋಹನ ರಾಗದ್ದು. ಸ, ರಿ, ಗ, ಪ, ದ ಇವಿಷ್ಟೇ ಅದರ ಸ್ವರಗಳು. ಮಧ್ಯಮ, ನಿಷಾದಗಳಿಗೆ ಅಲ್ಲಿ ಸ್ಥಾನವಿಲ್ಲ. ಮೇಲೆ ಹೇಳಿದ ನಾಲ್ಕು ಗುಚ್ಛಗಳ ಸುತ್ತನ್ನು ಅದರಡಿಯಲ್ಲಿ ಇಟ್ಟಾಗ ಎರಡನೆಯದರಲ್ಲಿ ನಿಷಾದವೂ ನಾಲ್ಕನೆಯದರಲ್ಲಿ ಮಧ್ಯಮವೂ ಪ್ರತಿ ಸಾಲಿಗೂ ಬಂದು ಕೂರುತ್ತವೆ. ಮಕ್ಕಳು ಮೋಹನವನ್ನೇ ಹಾಡುತ್ತಿದ್ದರೂ ಕೇಳುವವರಿಗೆ ಮೋಹನದ ಬೆಳಕು ಕಾಣುವುದಿಲ್ಲ.

ಮೋಹನದೊಳಗೆ ಇಡಿಯಾಗಿ ದೊರೆಯುವ ಮೂರು ಸ್ವರಗಳ ಗುಚ್ಛಗಳು ಎರಡೇ: ಸ-ಗ-ಪ ಮತ್ತು ದ-ಸ-ಗ. ಇಷ್ಟರಲ್ಲಿ ಏನು ಮಾಡಲು ಸಾಧ್ಯ ಎಂದು ಕೇಳಬಹುದು. ಬಹಳವಿದೆ. ಸ-ಗ-ಪ ಕ್ಕೆ ಮೇಲಿನ ರಿಷಭವನ್ನು ಸೇರಿಸಿದರೆ ಅದು ತೆರೆದ ಬಯಲಿನಂತಾಗುತ್ತದೆ. ಪ-ಸ-ರಿ, ರಿ-ಪ-ದ ಎಂಬ ಜೋಡಣೆಗಳಿಗೆ ಗಾಂಧಾರದಂತಹ ಮೂರನೆಯ ಸ್ವರವಿಲ್ಲದಿರುವುದರಿಂದ ಅವು ಎತ್ತಲೂ ವಾಲದೆ, ಉತ್ತರಕ್ಕಾಗಿ ಕಾಯುವ ಪ್ರಶ್ನೆಯಂತೆ ನಿಲ್ಲುತ್ತವೆ. ಇನ್ನೂ ವಿಶೇಷವೆಂದರೆ ಸ-ಗ-ಪ-ದ ಎಂಬ ನಾಲ್ಕು ಸ್ವರಗಳ ಗುಚ್ಛ. ಅದರಡಿಯಲ್ಲಿ ಮಂದ್ರದ ಸ ನುಡಿಸಿದರೆ ಒಂದು ಭಾವ, ಮಂದ್ರದ ದ ನುಡಿಸಿದರೆ ಮತ್ತೊಂದು ಭಾವ. ಬಲಗೈಯ ಒಂದು ಬೆರಳೂ ಕದಲಬೇಕಾಗಿಲ್ಲ. ಹಾರ್ಮೋನಿಯಂ ಇದ್ದವರು ಬಿಳಿ ಒಂದರ ಶ್ರುತಿಯಲ್ಲಿ ಇದನ್ನು ಇಂದೇ ನುಡಿಸಿ ನೋಡಬಹುದು.

ಮಧ್ಯಮವನ್ನು ಎಂದಿಗೂ ತರಬಾರದೆಂದು ನಾನು ಹೇಳುತ್ತಿಲ್ಲ. ಮೂರು ಚರಣಗಳವರೆಗೆ ಮೋಹನದೊಳಗೆ ಇದ್ದು, ಕೊನೆಯ ಚರಣದಲ್ಲಿ ಅರ್ಥವು ಬಯಸುವ ಒಂದೇ ಒಂದು ಸ್ಥಳದಲ್ಲಿ ಮ-ದ-ಸ ವನ್ನು ತಂದು ನೋಡಲಿ. ಅದೇ ಗುಚ್ಛದ ಧೈವತವನ್ನು ಮರುಕ್ಷಣ ಒಂದು ಮನೆ ಇಳಿಸಿ ಶುದ್ಧ ಧೈವತ ಮಾಡಿದರೆ, ಅಂದರೆ ಶಂಕರಾಭರಣದಿಂದ ಸರಸಾಂಗಿಯ ಹೊಸ್ತಿಲಿಗೆ ಕಾಲಿಟ್ಟು ಹಿಂದಿರುಗಿದರೆ, ಆ ಸ್ವರವು ಅಲ್ಲಿಂದ ಇನ್ನೊಂದು ಮನೆ ಇಳಿದು ಪಂಚಮದಲ್ಲಿ ವಿಶ್ರಮಿಸುತ್ತದೆ. ಕೇಳುವವರ ಎದೆ ಒಮ್ಮೆ ಹಿಂಡಿದಂತಾಗುತ್ತದೆ. ಇದೇ ಗುಚ್ಛವನ್ನು ಪ್ರತಿ ಸಾಲಿಗೂ ಬಳಸಿದರೆ ಉಪ್ಪಿನಕಾಯಿಯನ್ನೇ ಊಟ ಮಾಡಿದಂತೆ.

ಚಲನಚಿತ್ರ ಸಂಗೀತ ಕೇಳಿ ಬೆಳೆದವರಿಗೆ ಈ ಮಾತು ಹೊಸದಲ್ಲ. ನಮ್ಮ ಜಿ.ಕೆ. ವೆಂಕಟೇಶ್ ಅವರಲ್ಲಿ ಸಹಾಯಕರಾಗಿದ್ದ ಇಳಯರಾಜ ಅವರು ರಾಗವನ್ನೂ ಪಾಶ್ಚಾತ್ಯ ಸ್ವರಮೇಳವನ್ನೂ ಒಂದೇ ಹಾಡಿನಲ್ಲಿ ಕೂಡಿಸಿದ ಬಗೆಯನ್ನು ಗಮನವಿಟ್ಟು ಆಲಿಸಬೇಕು. ಅಲ್ಲಿ ಮಂದ್ರದ ಗಿಟಾರ್ ಕೂಡ ತನ್ನದೇ ಒಂದು ಹಾಡನ್ನು ಹಾಡುತ್ತಿರುತ್ತದೆ.

ಇನ್ನೆರಡು ಸಂಗತಿಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಸಿಂಥಸೈಜರಿನ ದನಿ ಹಾರ್ಮೋನಿಯಂಗಿಂತಲೂ ತುಂಬಿದ್ದು. ಒಂದೊಂದು ಸ್ವರದೊಳಗೂ ಹಲವು ಉಪಸ್ವರಗಳಿರುತ್ತವೆ. ಆದುದರಿಂದ ಮಂದ್ರ ಸ್ಥಾಯಿಯಲ್ಲಿ ಸ್ವರಗಳನ್ನು ಒತ್ತೊತ್ತಾಗಿ ಇಟ್ಟರೆ ಕೆಸರು ಕಲಕಿದಂತಾಗುತ್ತದೆ. ಕೆಳಗೆ ಸ-ಪ ಅಥವಾ ಸ-ಸ ದಷ್ಟು ಅಂತರವಿರಲಿ, ಹತ್ತಿರದ ಸ್ವರಗಳೆಲ್ಲ ಮೇಲಿರಲಿ. ತಂಬೂರಿ ಮಾಡುವುದೂ ಇದನ್ನೇ.

ಎರಡನೆಯದು ಕನ್ನಡಕ್ಕೆ ಸಂಬಂಧಪಟ್ಟದ್ದು. ಈ ತಂತ್ರಾಂಶಗಳನ್ನು ತೆರೆದೊಡನೆ ಪರದೆಯ ಮೇಲೆ ಬರುವುದು ನಾಲ್ಕು ನಾಲ್ಕರ ಲೆಕ್ಕ. ನಮ್ಮ ಭಾಮಿನಿ ಷಟ್ಪದಿಯ ನಡೆಯಾದರೋ ಮೂರು, ನಾಲ್ಕು ಮಾತ್ರೆಗಳ ಗಣಗಳದ್ದು, ಕೂಡಿಸಿದರೆ ಏಳು. ಅದನ್ನು ನಾಲ್ಕರ ಚೌಕಟ್ಟಿಗೆ ತುರುಕಿ ಪ್ರತಿ ಚೌಕದ ಆರಂಭದಲ್ಲಿ ಗುಚ್ಛ ಬದಲಿಸಿದರೆ ಪದದ ನಡುವೆ ಕತ್ತರಿ ಬೀಳುತ್ತದೆ. ಲೆಕ್ಕವನ್ನು ಏಳಕ್ಕೆ ತಿರುಗಿಸಲು ಆ ತಂತ್ರಾಂಶಗಳಲ್ಲಿಯೇ ಅವಕಾಶವಿದೆ; ಮೊಮ್ಮಗಳು ಕ್ಷಣದಲ್ಲಿ ತಿರುಗಿಸಿ ತೋರಿಸಿದಳು. ಗಣ ಎಲ್ಲಿ ಮುಗಿಯುತ್ತದೆಂದು ತಿಳಿದವರು ಹೇಳಿಕೊಡಬೇಕು, ಅಷ್ಟೇ. ಯಕ್ಷಗಾನದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯ ಮಕ್ಕಳಿಗೆ ಏಳರ ನಡೆಯನ್ನು ಯಂತ್ರವು ಮರೆಸಬಾರದು. ನಮ್ಮ ಅನೇಕ ಮನೆಗಳಲ್ಲಿ ಈಗ ಮಕ್ಕಳು ಕನ್ನಡವನ್ನು ಓದುವುದಕ್ಕಿಂತ ಹೆಚ್ಚಾಗಿ ಹಾಡಿನಲ್ಲಿಯೇ ಕೇಳುತ್ತಿದ್ದಾರೆ. ಅಂತಹ ಹಾಡಿನಲ್ಲಿಯೇ ಮಾತು ಮುರಿದುಹೋದರೆ ತರಗತಿಯಲ್ಲಿ ಅದನ್ನು ಜೋಡಿಸುವುದು ಕಷ್ಟ.

ಆದುದರಿಂದ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟು. ಪಟ್ಟಿಯಲ್ಲಿರುವ ಆರು ಕಂಪ್ಯೂಟರುಗಳ ಬದಲು ಎರಡು ಸಾಕು. ದೊಡ್ಡ ಧ್ವನಿವರ್ಧಕಗಳ ಬದಲು ನಾಲ್ಕು ಒಳ್ಳೆಯ ಹೆಡ್‌ಫೋನುಗಳು ಸಾಕು. ಉಳಿದ ಹಣವನ್ನು ನಿಧಿಯಾಗಿರಿಸಿ, ವಾರಕ್ಕೆರಡು ದಿನ ಬಂದು ಕಲಿಸುವ ಸಂಗೀತ ಶಿಕ್ಷಕರೊಬ್ಬರಿಗೆ ಗೌರವಧನ ಕೊಡುವ ವ್ಯವಸ್ಥೆಯಾಗಲಿ. ಮೊದಲ ವರ್ಷ ಸ್ವರ ಹಾಡುವುದು, ಮೂರು ಸಾಲಾಗಿ ಹಾಡುವುದು. ಕಂಪ್ಯೂಟರನ್ನು ಎರಡನೆಯ ವರ್ಷ ಮುಟ್ಟಿದರೆ ಸಾಕು. ಹೊಸ ಹಾರ್ಮೋನಿಯಂ ಕೊಳ್ಳುವ ಅಗತ್ಯವೂ ಇಲ್ಲ. ಕಚೇರಿಯ ಕಪಾಟಿನ ಮೇಲೆ ಶಾಲೆಯ ಹಳೆಯ ಹಾರ್ಮೋನಿಯಂ ಇದೆ. ಅದರ ಎರಡು ರೀಡುಗಳು ಸಿಕ್ಕಿಕೊಂಡಿವೆ, ತಿದಿಯಲ್ಲಿ ಒಂದು ತೂತಾಗಿದೆ. ದುರಸ್ತಿಯ ಖರ್ಚನ್ನು ನಾನು ಕೊಡುತ್ತೇನೆ. ರಿಪೇರಿ ಮಾಡುವವರಲ್ಲಿಗೆ ಕೊಂಡೊಯ್ಯಲು ಹಳೆ ವಿದ್ಯಾರ್ಥಿಗಳಲ್ಲಿ ಯಾರಾದರೂ ವಾಹನದ ವ್ಯವಸ್ಥೆ ಮಾಡಿದರೆ ಉಪಕಾರವಾಗುತ್ತದೆ.